ಕನ್ನಡಿಯಿಲ್ಲದ ಕ್ಯಾಮೆರಾ

ಶಿರಾದ ಒಂದು ಪ್ರೌಢಶಾಲೆಯಲ್ಲಿ ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬೆಳಕು, ಮಸೂರ, ದರ್ಪಣ ಈ ಪಾಠಗಳನ್ನು ನನ್ನಂತೆ ಮಾಡುವವರು ತಾಲ್ಲೂಕಿನಲ್ಲೇ ಇಲ್ಲ ಎಂಬ ಅಭಿಪ್ರಾಯ ಸಾರ್ವಜನಿಕರಲ್ಲಿದೆ. ಸಾರ್ವಜನಿಕರು ಎಂದರೆ ನಾನು. ಇಂಥವನು ಒಂದು ಒಳ್ಳೆಯ ಕ್ಯಾಮೆರಾ ಕೊಂಡರೆ ತಪ್ಪೇನು?

ವಿಚಾರ ಮಾಡದೆ ಕೊಂಡೆ ಎಂದು ಯಾರೂ ಹೇಳುವಂತಿಲ್ಲ. ಒಂದಿಡೀ ವರ್ಷ ನಾನು ಬೇರೇನನ್ನೂ ವಿಚಾರ ಮಾಡಲೇ ಇಲ್ಲ. ಈಗಿನ ದುಬಾರಿ ಕ್ಯಾಮೆರಾಗಳಿಗೆ ಮಿರರ್‌ಲೆಸ್ ಎನ್ನುತ್ತಾರೆ. ಮೊದಲಿನವುಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತಿತ್ತು, ಇವುಗಳಲ್ಲಿ ಇಲ್ಲ. ಕನ್ನಡಿ ಕಿತ್ತುಹಾಕಿದ ಮೇಲೆ ಬೆಲೆ ಇಳಿಯಬೇಕಿತ್ತು, ಏರಿದೆ. ಅದರ ಜೊತೆ ಬರುವ ಲೆನ್ಸು ತಾನಾಗಿಯೇ ಫೋಕಸ್ ಮಾಡಿಕೊಳ್ಳುತ್ತದೆ. ಆದರೆ ಬಲ್ಲವರು ಅದನ್ನು ಮುಟ್ಟುವುದಿಲ್ಲವಂತೆ. ಹಳೆಯ ಕಾಲದ ರೇಂಜ್‌ಫೈಂಡರ್ ಕ್ಯಾಮೆರಾದ ಪುಟಾಣಿ ಹಿತ್ತಾಳೆ ಲೆನ್ಸನ್ನು ಅಡಾಪ್ಟರ್ ಎಂಬ ಬಳೆಯ ಮೂಲಕ ಸಿಕ್ಕಿಸಿ, ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುತ್ತಾರಂತೆ. ಹಾಗೆ ತೆಗೆದ ಫೋಟೋಗೆ ಆತ್ಮ ಇರುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಗಡ್ಡದವರೊಬ್ಬರು ಹೇಳಿದರು. ನನಗೂ ಗಡ್ಡವಿದೆ. ನಂಬಿಬಿಟ್ಟೆ.

ನನ್ನ ಹೆಂಡತಿ ಜರೀನಾ ಮಧುಗಿರಿಯವಳು. ನಮ್ಮ ಮನೆಯಲ್ಲಿ ಉರ್ದುವೂ ಕನ್ನಡವೂ ಒಂದೇ ಮಾತಿನೊಳಗೆ ಓಡಾಡಿಕೊಂಡಿರುತ್ತವೆ. ಜಗಳ ಮಾತ್ರ ಶುದ್ಧ ಮಧುಗಿರಿ ಕನ್ನಡದಲ್ಲಿ. ಮಹಡಿಯ ಮೇಲೆ ಒಂದು ರೂಮು ಕಟ್ಟಿಸಬೇಕೆಂದು ಅವಳು ಕೂಡಿಟ್ಟಿದ್ದ ಹಣದ ಮುಂದೆ ನಿಂತು ನಾನು ಕ್ಯಾಮೆರಾದ ಮೌಲ್ಯವನ್ನು ವಿವರಿಸಿದೆ. ರೂಮು ಹಳೆಯದಾಗುತ್ತದೆ, ಗೋಡೆ ಬಿರುಕು ಬಿಡುತ್ತದೆ, ಆದರೆ ಫೋಟೋ ಶಾಶ್ವತ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಹಾಕಿದಳು.

"ಅಲ್ಲಾರೀ, ಅಷ್ಟು ದುಡ್ಡು ಸುರಿದ್ ಮೇಲೂ ನೀವೇ ಕೈಯಲ್ ತಿರುಗುಸ್ಬೇಕಾ?"

"ಅದಕ್ಕೇ ಅಷ್ಟು ದುಡ್ಡು," ಎಂದೆ. ಈ ಉತ್ತರ ಆಗ ನನಗೆ ಬಹಳ ಗಂಭೀರವಾಗಿ ಕೇಳಿಸಿತ್ತು.

ಲೆನ್ಸು ಸಿಕ್ಕಿದ್ದು ಮಧುಗಿರಿಯಲ್ಲೇ. ಅಲ್ಲಿ ಸ್ಟುಡಿಯೋ ಮುಚ್ಚಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ರಂಗಣ್ಣ ಎಂಬವರ ಬೀರುವಿನಲ್ಲಿ ಅದು ಮಲಗಿತ್ತು. ನಾನು ಅದನ್ನು ಎತ್ತಿ ಬೆಳಕಿಗೆ ಹಿಡಿದು ಆಹಾ ಎಂದಾಗಲೇ ಅದರ ಬೆಲೆ ಎರಡು ಪಟ್ಟಾಯಿತು. "ತಗಂಡೋಗಿ ಸಾ, ನಿಮ್ಮಂತೋರ್ ಕೈಯಾಗೇ ಇರ್ಬೇಕು ಇಂತವು," ಎಂದು ಅವರು ಹಳೆಯ ಬನೀನಿನ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮಗಳನ್ನು ಕಳಿಸಿಕೊಡುವ ತಂದೆಯ ದುಃಖ ಮುಖದಲ್ಲಿ ಕಾಣಬಹುದೆಂದು ನೋಡಿದೆ. ಸಂತೋಷವೇ ಜಾಸ್ತಿ ಇತ್ತು.

ಮೊದಲ ಪ್ರಯೋಗ ಬುಕ್ಕಾಪಟ್ಟಣದ ಕಾಡಿನ ಅಂಚಿನಲ್ಲಿ ನಡೆಯಿತು. ಪುಣ್ಯಕ್ಕೆ ಒಂದು ಚಿಂಕಾರ ಜಿಂಕೆ ಪೊದೆಯ ಪಕ್ಕ ಬಂದು ನಿಂತಿತು. ನಾನು ಲೆನ್ಸು ತಿರುಗಿಸಿದೆ. ಅದು ನನ್ನನ್ನು ನೋಡಿತು. ನಾನು ಇನ್ನೂ ಸ್ವಲ್ಪ ತಿರುಗಿಸಿದೆ. ಅದಕ್ಕೆ ಬೇರೆ ಕೆಲಸವಿತ್ತು, ಹೋಯಿತು. ಪೊದೆಯ ಫೋಟೋ ಮಾತ್ರ ಅದ್ಭುತವಾಗಿ ಬಂತು, ಒಂದೊಂದು ಮುಳ್ಳನ್ನೂ ಎಣಿಸಬಹುದಿತ್ತು! ಆಮೇಲೆ ಚನ್ನರಾಯನದುರ್ಗಕ್ಕೆ ಹೋಗಿ ಕೋಟೆ ಗೋಡೆಯನ್ನು ತೆಗೆದೆ. ಅದೂ ಅದ್ಭುತವಾಗಿ ಬಂತು. ಕೋಟೆಗೆ ಎಲ್ಲೂ ಹೋಗಬೇಕಾಗಿರಲಿಲ್ಲ. ಈ ಎರಡು ಫೋಟೋಗಳ ಬಲದ ಮೇಲೆ ನಾನು ಫೋಟೋಗ್ರಾಫರ್ ಎಂದು ನಿರ್ಧಾರವಾಯಿತು.

ಇಷ್ಟಕ್ಕೇ ನಿಂತಿದ್ದರೆ ನಷ್ಟ ನಮ್ಮ ಮಹಡಿಯ ರೂಮಿನದು ಮಾತ್ರ ಆಗುತ್ತಿತ್ತು. ಅಷ್ಟರಲ್ಲಿ ನನ್ನ ಅಕ್ಕನ ಮಗಳು ನಾಜಿಯಾಳ ಮದುವೆ ಗೊತ್ತಾಯಿತು. ಹುಡುಗ ಕೊರಟಗೆರೆಯವನು.

ನನ್ನ ಅಕ್ಕನನ್ನು ನಾನು ಕರೆಯುವುದು ಆಪಾ ಎಂದು. ಆಪಾಳ ಮದುವೆಯದು ಒಂದೇ ಒಂದು ಫೋಟೋ ಇಲ್ಲ. ನಮ್ಮ ತಂದೆ, ಅಬ್ಬಾ, ಆಗ ಫೋಟೋದವನನ್ನು ಬಾಗಿಲಿಗೂ ಸೇರಿಸಿರಲಿಲ್ಲ. ಅವಳು ಅದನ್ನು ದೊಡ್ಡ ದುಃಖ ಮಾಡಿಕೊಂಡವಳಲ್ಲ. ಆದರೆ ಬೇರೆಯವರ ಮದುವೆ ಆಲ್ಬಂ ಕೈಗೆ ಸಿಕ್ಕರೆ, ತಾಯಿ ಮಗಳನ್ನು ಅಪ್ಪಿಕೊಂಡು ಕಳಿಸಿಕೊಡುವ ಪುಟ ಬಂದಾಗ ಅವಳ ಕೈ ನಿಂತುಬಿಡುತ್ತಿತ್ತು. ನಾಜಿಯಾಳ ಮದುವೆ ಗೊತ್ತಾದ ದಿನವೇ ಅವಳು ಹೇಳಿದ್ದಳು, ಊಟಕ್ಕೆ ಏನು ಮಾಡಿಸುತ್ತೀರೋ ಮಾಡಿಸಿ, ನನಗೆ ನನ್ನ ಮಗಳನ್ನು ಅಪ್ಪಿಕೊಂಡಿರುವ ಒಂದು ಫೋಟೋ ಬೇಕು ಎಂದು.

ನಮ್ಮಲ್ಲಿ ಹೆಂಗಸರ ಕಡೆಗೆ ಹೊರಗಿನ ಗಂಡಸರು ಹೋಗುವಂತಿಲ್ಲ, ಫೋಟೋದವನಾದರೂ ಅಷ್ಟೆ. ಅದಕ್ಕೆಂದು ಆಪಾ ತುಮಕೂರಿನಿಂದ ಒಬ್ಬ ಹೆಣ್ಣು ಫೋಟೋಗ್ರಾಫರನ್ನು ಗೊತ್ತುಮಾಡಿದ್ದಳು. ಆ ಹುಡುಗಿ ಒಳ್ಳೆಯ ಕೆಲಸದವಳು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಎದೆ ಉಬ್ಬಿಸಿಕೊಂಡು ಹೋಗಿ, ಸ್ವಂತ ಸೋದರಮಾವ ಇರುವಾಗ ತುಮಕೂರಿನವರು ಯಾಕೆ, ವಧುವಿನ ಕೋಣೆಗೆ ಹೋಗಲು ನನಗೆ ಯಾರ ಅಡ್ಡಿಯೂ ಇಲ್ಲ, ಅವಳಲ್ಲಿರುವ ಕ್ಯಾಮೆರಾ ನನ್ನದರ ಕಾಲು ಭಾಗಕ್ಕೂ ಬರುವುದಿಲ್ಲ ಎಂದೆ. ಆಪಾ ಅನುಮಾನಿಸಿದಳು. ನಾನು ಕೋಟೆಯ ಫೋಟೋ ತೋರಿಸಿದೆ. ತುಮಕೂರಿನವಳಿಗೆ ಬೇಡವೆಂದು ಫೋನು ಹೋಯಿತು. ಫೋನು ಮಾಡಿದವನೂ ನಾನೇ.

ಮದುವೆಯ ದಿನ ಇನ್ನೊಂದು ಘನಕಾರ್ಯ ಮಾಡಿದೆ. ಶಾದಿ ಮಹಲಿನ ವಧುವಿನ ಕೋಣೆಯಲ್ಲಿದ್ದದ್ದು ನಾಜಿಯಾ, ಆಪಾ, ನಮ್ಮ ಅಮ್ಮಿ ಮತ್ತು ಜರೀನಾ. ಎಲ್ಲರೂ ಮೊಬೈಲು ಎತ್ತಿಕೊಂಡಿದ್ದರು. ಮೊಬೈಲಿನ ಬೆಳಕು ನನ್ನ ಬೆಳಕನ್ನು ಕೆಡಿಸುತ್ತದೆ, ಜೊತೆಗೆ ಈ ಫೋಟೋಗಳೆಲ್ಲ ಯಾರ್ಯಾರದೋ ಸ್ಟೇಟಸ್ಸಿಗೆ ಹೋಗುತ್ತವೆ ಎಂದು ಒಂದು ಸಣ್ಣ ಭಾಷಣ ಮಾಡಿ, ಎಲ್ಲ ಮೊಬೈಲುಗಳನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿಸಿ, ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೊಡುವಾಗ ಜರೀನಾ ನನ್ನ ಮುಖವನ್ನೇ ನೋಡಿದಳು. ಅದು ಅಭಿಮಾನದ ನೋಟ ಎಂದುಕೊಂಡೆ.

ಇಲ್ಲಿ ಒಂದು ತಾಂತ್ರಿಕ ವಿವರ ಹೇಳಲೇಬೇಕು. ಕೈಯಲ್ಲಿ ಫೋಕಸ್ ಮಾಡುವವರ ಅನುಕೂಲಕ್ಕಾಗಿ ಕ್ಯಾಮೆರಾದಲ್ಲಿ ಒಂದು ವ್ಯವಸ್ಥೆ ಇದೆ. ಚಿತ್ರದಲ್ಲಿ ಯಾವ ಭಾಗ ಚೂಪಾಗಿದೆಯೋ ಅದರ ಅಂಚಿನಲ್ಲಿ ಬಣ್ಣದ ಗೆರೆ ಮಿನುಗುತ್ತದೆ. ಬಣ್ಣವನ್ನು ನಾವೇ ಆರಿಸಿಕೊಳ್ಳಬಹುದು. ನಾನು ಕೆಂಪನ್ನು ಆರಿಸಿದ್ದೆ. ಪೊದೆಯ ಮೇಲೆ, ಕೋಟೆಯ ಮೇಲೆ ಕೆಂಪು ಎಷ್ಟು ಚೆನ್ನಾಗಿ ಎದ್ದು ಕಾಣುತ್ತಿತ್ತು!

ನಮ್ಮ ನಾಜಿಯಾ ತಲೆಯಿಂದ ಪಾದದವರೆಗೆ ಕೆಂಪು ಉಟ್ಟಿದ್ದಳು. ಕೆಂಪು ಲೆಹೆಂಗ, ಕೆಂಪು ದುಪಟ್ಟಾ, ಅದರ ತುಂಬ ಜರಿ. ಆಪಾಳದೂ ಕೆಂಪು ಸೀರೆ. ಕೋಣೆಯ ಪರದೆಯೂ ಕೆಂಪು. ಕ್ಯಾಮೆರಾ ಕಣ್ಣಿಗಿಟ್ಟುಕೊಂಡರೆ ಎಲ್ಲಿ ನೋಡಿದರೂ ಕೆಂಪು ಮಿನುಗುತ್ತಿತ್ತು. ಲೆನ್ಸು ಎಡಕ್ಕೆ ತಿರುಗಿಸಿದರೂ ಕೆಂಪು, ಬಲಕ್ಕೆ ತಿರುಗಿಸಿದರೂ ಕೆಂಪು. ಇಂಥ ಲೆನ್ಸು ಇನ್ನೊಂದಿಲ್ಲ, ಇಡೀ ಕೋಣೆಯೇ ಫೋಕಸ್ಸಿನಲ್ಲಿದೆ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದರ ಹಿಂದೊಂದು ಒತ್ತಿದೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು.

ಕಳಿಸಿಕೊಡುವ ಹೊತ್ತು ಬಂತು. ಕೋಣೆಯ ಗೋಡೆಗೆ ದೊಡ್ಡ ನಿಲುಗನ್ನಡಿ ಇತ್ತು. ಅದರ ಮುಂದೆ ಆಪಾ ಮಗಳನ್ನು ಅಪ್ಪಿಕೊಂಡಳು. ಅಲ್ಲಿಯವರೆಗೆ ಬಿರಿಯಾನಿ, ನೀರು, ಬಸ್ಸು ಎಂದು ಓಡಾಡಿಕೊಂಡು ಗಟ್ಟಿಯಾಗಿದ್ದವಳು ಒಮ್ಮೆಲೇ ಅತ್ತಳು. ಅಷ್ಟು ಅಳುವಿನ ನಡುವೆಯೂ ಕಣ್ಣು ನನ್ನ ಕಡೆ ತಿರುಗಿಸಿ, "ತೆಗೀತಿದ್ದೀಯೇನೋ?" ಎಂದು ಕೇಳಿದಳು. ನಾನು ಲೆನ್ಸು ತಿರುಗಿಸುತ್ತಾ ಹೋದೆ. ಒಂದು ಕಡೆ ಕೆಂಪು ಗೆರೆ ಹಿಂದೆಂದೂ ಕಾಣದಷ್ಟು ಸ್ಪಷ್ಟವಾಗಿ ಕಾಣಿಸಿತು. ಸಿಕ್ಕಿತು ಎಂದುಕೊಂಡು ಒತ್ತಿದೆ. ನನ್ನ ಕಣ್ಣಲ್ಲೂ ನೀರಿತ್ತು. ಆತ್ಮ ಎಂದರೆ ಇದೇ ಇರಬೇಕು ಎಂದು ಸಮಾಧಾನವಾಯಿತು.

ಮದುವೆಯಾದ ಮೇಲೆ ಕೆಲವು ಶುಕ್ರವಾರ ಮಗಳನ್ನೂ ಅಳಿಯನನ್ನೂ ತವರಿಗೆ ಊಟಕ್ಕೆ ಕರೆಯುವುದು ನಮ್ಮ ಪದ್ಧತಿ. ಜುಮಾಗಿ ಎನ್ನುತ್ತೇವೆ. ಮೊದಲ ಜುಮಾಗಿಯ ದಿನ ಊಟ ಮುಗಿದು, ಗಂಡಸರೆಲ್ಲ ಹೊರಗೆ ಹೋದ ಮೇಲೆ, ಆಪಾಳ ಮನೆಯ ದೊಡ್ಡ ಟೀವಿಗೆ ನಾನು ಕ್ಯಾಮೆರಾ ಸಿಕ್ಕಿಸಿದೆ. ಮೊದಲು ಎರಡು ಮಾತು ಹೇಳುತ್ತೇನೆ ಎಂದು ಎದ್ದು ನಿಂತೆ ಬೇರೆ. ಮೊಬೈಲಿನ ಫೋಟೋಗೂ ಇಂಥ ಕ್ಯಾಮೆರಾದ ಫೋಟೋಗೂ ಇರುವ ವ್ಯತ್ಯಾಸವನ್ನು ನೀವೇ ನೋಡಿ ಎಂದೆ.

ನೋಡಿದರು.

ಮೊದಲ ಫೋಟೋದಲ್ಲಿ ಕೆಂಪು ಮೋಡವೊಂದು ಕೂತಿತ್ತು. ಎರಡನೆಯದರಲ್ಲಿ ಅದರ ಪಕ್ಕ ಬಿಳಿ ಮೋಡವೊಂದು ಬಂದು ಸೇರಿತು, ಅದು ಅಮ್ಮಿ. ಅಮ್ಮಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪಾಪ, ತಪ್ಪು ತಮ್ಮ ಕಣ್ಣಿನದು ಎಂದುಕೊಂಡರು. ಇನ್ನೊಂದರಲ್ಲಿ ನಾಜಿಯಾಳ ಕಿವಿಯ ಝುಮಕಿ ಚೂಪಾಗಿತ್ತು, ನಾಜಿಯಾ ಇರಲಿಲ್ಲ. ಮತ್ತೊಂದರಲ್ಲಿ ಹಿಂದಿನ ಗೋಡೆಯ ಸ್ವಿಚ್ಚು ಬಹಳ ಚೆನ್ನಾಗಿ ಬಂದಿತ್ತು. ಯಾರಾದರೂ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಟೀವಿಯ ಸೆಟ್ಟಿಂಗ್ ಸರಿಯಿಲ್ಲ ಎಂದು ನಾನು ಹೇಳಿದ್ದು ನನಗೇ ಕೇಳಿಸದಷ್ಟು ಮೆಲ್ಲಗಿತ್ತು.

"ಅಪ್ಪಿಕೊಂಡಿರೋದು ತೋರ್ಸು," ಎಂದಳು ಆಪಾ.

ಅದು ಕೊನೆಯ ಫೋಟೋ. ಮುಂದೆ ಎರಡು ಕೆಂಪು ಮೋಡಗಳು ಒಂದಕ್ಕೊಂದು ಕರಗಿಹೋಗಿದ್ದವು. ಆಪಾ ಯಾರು, ನಾಜಿಯಾ ಯಾರು, ಹೆತ್ತವಳಿಗೂ ಗೊತ್ತಾಗುವಂತಿರಲಿಲ್ಲ. ಅವರ ಹಿಂದಿನ ನಿಲುಗನ್ನಡಿಯಲ್ಲಿ, ಬಿಳಿ ಶೇರ್ವಾನಿ ತೊಟ್ಟು, ಕ್ಯಾಮೆರಾ ಹಿಡಿದು, ಹಲ್ಲು ಕಿರಿದು ನಿಂತಿದ್ದ ಒಬ್ಬ ಮನುಷ್ಯ. ಎಷ್ಟು ಚೂಪಾಗಿದ್ದ ಎಂದರೆ ಗಡ್ಡದ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು!

ಆ ಕ್ಷಣ ಲೆನ್ಸಿನ ಎದುರಿಗಿದ್ದವರಲ್ಲಿ ಕೆಂಪಲ್ಲದ ಬಟ್ಟೆ ತೊಟ್ಟವನು ಕನ್ನಡಿಯೊಳಗಿನ ನಾನೊಬ್ಬನೇ. ಕೆಂಪು ಗೆರೆ ಎದ್ದು ಕಂಡಿದ್ದು ನನ್ನ ಶೇರ್ವಾನಿಯ ಮೇಲೆ. ಕನ್ನಡಿಯ ಮುಂದೆ ಎಷ್ಟು ದೂರ ನಿಂತಿದ್ದೇವೋ ಪ್ರತಿಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿರುತ್ತದೆ ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವನು ನಾನು. ಆ ದೂರಕ್ಕೇ ಫೋಕಸ್ ಮಾಡಿಕೊಂಡು, ನಡುವೆ ನಿಂತ ತಾಯಿ ಮಗಳನ್ನು ದಾಟಿ, ನನ್ನನ್ನೇ ಹುಡುಕಿಕೊಂಡು ಹೋಗಿದ್ದೆ. ಕನ್ನಡಿ ಇಲ್ಲದ ಕ್ಯಾಮೆರಾಕ್ಕೆ ಅಷ್ಟೊಂದು ಸುರಿದೆ, ಗೋಡೆಯ ಮೇಲಿದ್ದ ಕನ್ನಡಿ ನನ್ನ ಮಾನ ಕಳೆಯಿತು.

ಆಪಾ ಟೀವಿಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡು. ನಂಗೆ ಬರ್ದಿಲ್ಲ," ಎಂದು ಎದ್ದು ಅಡುಗೆಮನೆಗೆ ಹೋದಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಅವಳಿಗೆ ಬರೆದಿತ್ತು. ಅಳಿಸಿದವನು ನಾನು.

ಇಲ್ಲಿಗಾದರೂ ಸುಮ್ಮನಿರಬೇಕಿತ್ತು. ಮುಂದಿನ ಜುಮಾಗಿಗೆ ನಾನು ಪರಿಹಾರದೊಂದಿಗೆ ಹಾಜರಾದೆ. ಗೆರೆಯ ಬಣ್ಣ ನೀಲಿಗೆ ಬದಲಾಯಿಸಿದ್ದೆ. ನಾಜಿಯಾ ಇನ್ನೊಮ್ಮೆ ಲೆಹೆಂಗ ಹಾಕಿಕೊಳ್ಳಲಿ, ಆಪಾ ಅದೇ ಸೀರೆ ಉಡಲಿ, ಕನ್ನಡಿಯಿಲ್ಲದ ಗೋಡೆಯ ಮುಂದೆ ಇನ್ನೊಮ್ಮೆ ಕಳಿಸಿಕೊಡುವ ಶಾಸ್ತ್ರ ಮಾಡೋಣ ಎಂದೆ. ನನ್ನ ಮುಖ ನೋಡಿ ಮರುಕ ಹುಟ್ಟಿಯೋ ಏನೋ, ಇಬ್ಬರೂ ಒಪ್ಪಿದರು. ಮೆಹಂದಿ ಮಾಸಿತ್ತು. ನಾಜಿಯಾ ಹೊಟ್ಟೆ ತುಂಬ ಉಂಡಿದ್ದಳು. ಅಪ್ಪಿಕೊಂಡರು.

"ಆಪಾ, ಈಗ ಸ್ವಲ್ಪ ಅಳು," ಎಂದೆ ನಾನು.

ಆಪಾ ಪ್ರಯತ್ನ ಮಾಡಿದಳು. ಮುಖ ಕಿವುಚಿಕೊಂಡಳು. ನಾಜಿಯಾ ಕಿಸಕ್ಕನೆ ನಕ್ಕಳು. ಆಪಾ ನಕ್ಕಳು. ಅಮ್ಮಿ ಬಾಯಿ ತುಂಬ ನಕ್ಕರು. ಜರೀನಾ ಗೋಡೆ ಹಿಡಿದುಕೊಂಡು ನಕ್ಕಳು. "ಮನೆ ಮಗಳು ತೊಲಗಿದ್ಲು ಅಂತ ಕುಣೀತಾ ಇರಂಗಿದೆ ಕಣ್ರೀ," ಎಂದಳು. ಫೋಟೋಗಳು ಎಷ್ಟು ಚೂಪಾಗಿ ಬಂದವು ಎಂದರೆ ನಗುವಾಗ ಕಂಡ ಅಮ್ಮಿಯ ಒಂಟಿ ಹಲ್ಲು ಕೂಡ ಹೊಳೆಯುತ್ತಿತ್ತು. ಒಂದು ಫೋಟೋದಲ್ಲೂ ಮದುವೆ ಇರಲಿಲ್ಲ.

ಕೊನೆಗೆ ಆಲ್ಬಂ ಮಾಡಿಸುವ ದಿನ ಯಾವುದು ಬೇಕೆಂದು ಆಪಾಳನ್ನೇ ಕೇಳಿದೆವು. ಅವಳು ಚೂಪಾದವನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಕನ್ನಡಿಯ ಮುಂದಿನ ಆ ಎರಡು ಕೆಂಪು ಮೋಡಗಳ ಫೋಟೋ ತೆಗೆದುಕೊಂಡಳು. ಆವತ್ತು ನಿಜವಾಗಿ ಅತ್ತಿದ್ದು ಅದರಲ್ಲೇ ಅಲ್ಲವೇ ಎಂದಳು. ನನ್ನನ್ನಾದರೂ ಅದರಿಂದ ಕತ್ತರಿಸಿ ತೆಗೆಸುತ್ತೇನೆ ಎಂದೆ. ಆಪಾ ಬೇಡವೆಂದಳು. ಹಾಗೆ ಅದು ದೊಡ್ಡದಾಗಿ ಪ್ರಿಂಟಾಗಿ ಆಲ್ಬಂನ ಮೊದಲ ಪುಟಕ್ಕೆ ಬಂತು.

ಮಹಡಿಯ ಮೇಲೆ ರೂಮು ಇಲ್ಲ. ಬೂಸ್ಟು ಹಿಡಿಯದಿರಲೆಂದು ಕ್ಯಾಮೆರಾವನ್ನು ಗಾಳಿಯಾಡದ ಡಬ್ಬದಲ್ಲಿ ಹಾಕಿ ಮಂಚದ ಕೆಳಗೆ ಇಟ್ಟಿದ್ದೇವೆ. ಅದರ ಮೌಲ್ಯವೇನು ಎಂದು ಯಾರಾದರೂ ಕೇಳಿದರೆ ನಾನು ಜರೀನಾಳ ಮುಖ ನೋಡುವುದಿಲ್ಲ.

ಮೊನ್ನೆ ಕೊರಟಗೆರೆಗೆ ನಾಜಿಯಾಳ ಮನೆಗೆ ಹೋಗಿದ್ದೆ. ಅವಳ ಗಂಡನ ಕಡೆಯ ಅಜ್ಜಿಯೊಬ್ಬರು ಒಳಗೆ ಆಲ್ಬಂ ನೋಡುತ್ತಾ ಕೂತಿದ್ದರು. ಬಾಗಿಲ ಪರದೆಯ ಈಚೆ ಕೂತಿದ್ದ ನನಗೆ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ಇದು ಯಾರ್ ಮದ್ವೆ ಫೋಟೋ ಬೇಟಾ?"

"ನಂದೇ ಅಜ್ಜಿ," ಎಂದಳು ನಾಜಿಯಾ.

ಅಜ್ಜಿ ಆಲ್ಬಂ ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ಆಮೇಲೆ, "ಈ ಬಿಳಿ ಶೇರ್ವಾನಿ ಮದ್ಮಗ ಬಲು ಚೆನ್ನಾಗಿ ಬಂದವ್ರೆ ಕಣಮ್ಮ. ಆದ್ರೆ ನಮ್ ಹುಡುಗನ್ಗೂ ಇವ್ರಿಗೂ ಒಂಚೂರೂ ಹೋಲ್ಕೆ ಇಲ್ವಲ್ಲ," ಎಂದರು.