ಸೆರಗು ಬಿಚ್ಚಿ ನೇಯ್ದ ಸಿನಿಮಾ

ಗಜೇಂದ್ರಗಡದ ಬಸ್ ಸ್ಟ್ಯಾಂಡ್ ದಾಟಿದರೆ ದಾರಿ ತಪ್ಪುವ ನಮ್ಮ ಸೋದರಮಾವನಿಗೆ ಗ್ರಹದಿಂದ ಗ್ರಹಕ್ಕೆ ಹೋಗುವ ದಾರಿ ಮಾತ್ರ ಬಾಯಿಪಾಠ! ಕೈಮಗ್ಗದಲ್ಲಿ ಸೀರೆ ನೇಯುವ ಈ ಮನುಷ್ಯ ಒಂದೇ ಒಂದು ಸಿನಿಮಾ ಸರಣಿಯ ಭಕ್ತ. ಅದರಲ್ಲೊಬ್ಬ ಕ್ಯಾಪ್ಟನ್. ಮೊದಲ ಭಾಗದಲ್ಲೇ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ರಾಕೆಟ್ ಹತ್ತಿದವನು, ಏಳು ಭಾಗ ಮುಗಿದರೂ ಇಳಿದಿಲ್ಲ. ಮದುವೆಯಾದ ವರ್ಷದಿಂದ ಮಾವ, ಅತ್ತೆ ಪ್ರತಿ ಭಾಗವನ್ನೂ ಹುಬ್ಬಳ್ಳಿಗೆ ಹೋಗಿ ಜೋಡಿಯಾಗಿಯೇ ನೋಡಿದ್ದಾರೆ. ಅದೂ ಹಿಂದಿಗೆ ಡಬ್ ಆಗಿದ್ದು. ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೇ. ಅದರಿಂದೇನು, ಕ್ಯಾಪ್ಟನ್ ಕೂಡ ಅನ್ಯಗ್ರಹದವರ ಮಾತು ತಿಳಿಯದೆಯೇ ಗೆಲ್ಲುತ್ತಿದ್ದನಲ್ಲ!

ಸಿನಿಮಾ ಅಳೆಯುವುದಕ್ಕೂ ಮಾವನದು ಮಗ್ಗದ ಲೆಕ್ಕವೇ. "ಸೀರಿ ಒಡಲು ಹ್ಯಾಂಗರ ಇರ್ಲಿ, ಸೆರಗು ಚಲೋ ಇರಬೇಕು. ಮಂದಿ ನೋಡೂದು ಸೆರಗ" ಎನ್ನುತ್ತಾನೆ. ಸಿನಿಮಾದ ಸೆರಗೆಂದರೆ ಅದರ ಕೊನೆ. ಸೀರೆಯ ಸೆರಗಿನಲ್ಲಿ ಒಂದು ಎಳೆ ತಪ್ಪಿದರೂ ಊಟ ಬಿಟ್ಟು, ಬಿಚ್ಚಿ, ಮತ್ತೆ ನೇಯುವವನು.

ಈ ಸಲ ಕೊನೆಯ ಭಾಗ ಬಂತು. ಅತ್ತೆಗೆ ಸೊಂಟದ ಆಪರೇಷನ್ ಆಗಿತ್ತು, ಬಸ್ಸು ಹತ್ತುವಂತಿರಲಿಲ್ಲ. "ನಾನೂ ಹೋಗೂದಿಲ್ಲ ಬಿಡು" ಎಂದ ಮಾವ. ಅತ್ತೆ ಬೈದೇಬಿಟ್ಟಳು: "ಇಷ್ಟ ವರ್ಷ ಕಾದೀನಿ. ಅಂವ ಹೆಂಡ್ತಿ ಕಡೆ ಹೊಳ್ಳಿ ಬರ್ತಾನೋ ಇಲ್ಲೋ ನೋಡಿ ಬಂದ ಹೇಳ್ರಿ. ಅದೊಂದ ಸಾಕ ನನಗ." ಜೊತೆಗೆ ನನ್ನನ್ನೂ ಕಳಿಸಿದಳು.

ಒಗೆದ ಧೋತರ, ಬಿಳಿ ಟೋಪಿಯಲ್ಲಿ ಮಾವ ಥಿಯೇಟರಿನೊಳಗೆ ಕೂತ. ಏನು ಹೇಳಲಿ ಆ ಸಿನಿಮಾದ ಬಗ್ಗೆ! ಎರಡೂವರೆ ತಾಸು ರೋಬೋಟುಗಳು ಹೊಡೆದಾಡಿದವು. ಕೊನೆಗೆ ಕ್ಯಾಪ್ಟನ್ ನೆನಪೇ ಕಳೆದುಕೊಂಡು, ಯಾವುದೋ ಕಪ್ಪು ಕುಳಿಯೊಳಗೆ ನಗುತ್ತ ಹಾರಿ ಮಾಯವಾದ. ಹೆಂಡತಿಯ ಹೆಸರನ್ನು ಯಾರೂ ಎತ್ತಲೇ ಇಲ್ಲ. ದೀಪ ಹತ್ತಿದರೂ ಮಾವ ಏಳಲಿಲ್ಲ. "ಇನ್ನೂ ಏನರ ಐತೇನ ನೋಡೂಣು" ಎಂದು, ಸೆಟ್ ಕಟ್ಟಿದವರ, ಅಡುಗೆ ಮಾಡಿದವರ ಹೆಸರು ಮುಗಿಯುವ ತನಕ ಕೂತ. ಕಸ ಗುಡಿಸುವಾಕೆ ಬಂದು "ಏಳ್ರಿ ಅಜ್ಜಾರ, ಮುಗೀತು" ಎಂದಳು. "ಯವ್ವಾ, ಹಿಂಗ ಮುಗಸ್ತಾರೇನ ಯಾರರ?" ಎಂದು ಅವಳ ಮೇಲೆಯೇ ರೇಗಿದ.

ಊರಿಗೆ ಮರಳುವ ಬಸ್ಸು ನರೇಗಲ್ ದಾಟಿತು. "ಮಾವಾ, ಅತ್ತೀಗೆ ಏನ ಹೇಳ್ತಿ?" ಎಂದೆ.

"ಸುಮ್ನ ಕುಂಡ್ರು. ಸೆರಗ ಬಿಚ್ಚಾಕತ್ತೀನಿ."

ಮನೆಗೆ ಬಂದವನೇ ಅತ್ತೆಯ ಮಂಚದ ಪಕ್ಕ ಕೂತು ಶುರು ಮಾಡಿದ ನೋಡಿ! ಕ್ಯಾಪ್ಟನ್ ಬಂದ. ಬಾಗಿಲು ಬಡಿದ. ಹೆಂಡತಿಯ ಕೂದಲು ಹಣ್ಣಾಗಿತ್ತು, ಆದರೂ ಗುರುತು ಹಿಡಿದಳು. ಕಾಲಿಗೆ ನೀರು ಕೊಟ್ಟಳು. ರಾಕೆಟ್ ಇಳಿದವನಿಗೆ ಕಾಲಿಗೆ ನೀರು! ನಾನು ನಗು ತಡೆಯಲಾರದೆ ಎದ್ದು ಹೊರಗೆ ಹೋದೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ವಾರದ ಮೇಲೆ ಮತ್ತೆ ಹೋದಾಗ ಮಾವ ಮಗ್ಗದಲ್ಲಿದ್ದ. ಅತ್ತೆ ಮೆಲ್ಲಗೆ ನನ್ನನ್ನು ಕರೆದಳು. "ನೀವು ಹುಬ್ಬಳ್ಳಿ ಮುಟ್ಟೂದ್ರಾಗ ಮೊಬೈಲ್‌ನ್ಯಾಗ ಕಥಿ ಎಲ್ಲಾ ಕೇಳಿದ್ದೆ. ಕ್ಯಾಪ್ಟನ್ ಹೊಳ್ಳಿ ಬರೂದಿಲ್ಲಂತ ಗೊತ್ತಿತ್ತು."

"ಮತ್ತ ಮಾವಗ ಯಾಕ ಹೇಳಲಿಲ್ಲ?"

"ಹುಚ್ಚಾ, ದಿನಾ ಸಂಜಿಗೆ ಮಗ್ಗ ಬಿಟ್ಟ ಬಂದು ನನ್ನ ಬಾಜೂಕ ಕುಂತ ಆ ಕಥಿ ಮತ್ತ ಹೇಳ್ತಾರ. ಮೊದ್ಲ ಸಲ ಅಂವ ಬರೂದ್ರಾಗ ಆಕಿ ಮುದುಕಿ ಆಗಿದ್ಲು. ನಿನ್ನೆ ಹೇಳೂಮುಂದ ಆಕಿ ಕೂದಲಾ ಒಂದೂ ಬೆಳ್ಳಗಾಗಿರಲಿಲ್ಲ."