ನಾನು ಅವರೆ ಎಂದು ಬೇಯಿಸಿದ ಲೂಪಿನ್

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಪರದೇಶದ ಮಣ್ಣಿನಲ್ಲಿ ಒಂದು ಗಿಡ ಕಾಣಿಸುತ್ತದೆ. ಅದರ ಹೂವೋ ಕಾಯಿಯೋ ಊರಿನ ಯಾವುದನ್ನೋ ನೆನಪಿಸುತ್ತದೆ. ಅಷ್ಟೇ ಸಾಕು, ಅದು ನಮ್ಮದೇ ಎಂದು ತೀರ್ಮಾನಿಸಿಬಿಡುತ್ತೀರಿ. ಆಮೇಲೆ ಪಾಪ, ಆ ಗಿಡ ತಾನು ಬೇರೆ ಎಂದು ಎಷ್ಟು ಸಾಕ್ಷಿ ಕೊಟ್ಟರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಗಿದ್ದರೆ ಮುಂದೆ ಓದಿ. ಆಗಿಲ್ಲದಿದ್ದರೂ ಓದಿ, ಮನೆಯಲ್ಲಿ ಬಸುರಿಯರಿದ್ದರೆ ಉಪಯೋಗಕ್ಕೆ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಗಿಡಗಳ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಐರ್ಲೆಂಡಿನ ನಮ್ಮ ಕನ್ನಡದವರ ಫೇಸ್‌ಬುಕ್ ಗುಂಪಿನಲ್ಲಿ ಗಿಡದ ಪ್ರಶ್ನೆ ಬಂದರೆ ಉತ್ತರ ಕೊಡುವವಳು ನಾನೇ. ಒಂದು ಸಲ ಐಸ್‌ಕ್ರೀಂ ಡಬ್ಬದಲ್ಲಿ ಮೆಂತ್ಯ ಬೆಳೆದು ಫೋಟೋ ಹಾಕಿದ್ದೆ. ಅವತ್ತಿನಿಂದ ಜನ ನನ್ನನ್ನು ತೋಟಗಾರಿಕೆ ಇಲಾಖೆ ಎಂದುಕೊಂಡರು, ನಾನೂ ಬೇಡ ಅನ್ನಲಿಲ್ಲ. ಅಂಥವಳಿಗೆ ಕೊರೋನಾ ಬಂದ ವರ್ಷ ಕ್ಲಾಂಡಾಲ್ಕಿನ್‌ನಲ್ಲಿ ಹಿತ್ತಲಿರುವ ಬಾಡಿಗೆ ಮನೆ ಸಿಕ್ಕರೆ ಹೇಗಿರಬೇಡ! ಮನೆಗೆ ಬಂದ ಕೆಲವೇ ವಾರಕ್ಕೆ ದೇಶಕ್ಕೆ ಬೀಗ ಬಿತ್ತು. ನಮ್ಮವರು ಮಹಡಿಯ ಮೇಲೆ ಮೀಟಿಂಗಿನಲ್ಲಿ, ನಾನು ಕೆಳಗೆ ಮೀಟಿಂಗಿನಲ್ಲಿ. ಮಧ್ಯೆ ಉಸಿರಾಡಲು ಆ ಹಿತ್ತಲೊಂದೇ.

ಏಪ್ರಿಲ್‌ನಲ್ಲಿ ನಮ್ಮಿಬ್ಬರಿಗೂ ಜ್ವರ ಬಂತು, ಹೋಯಿತು. ಹೋಗುವಾಗ ನನ್ನ ಮೂಗನ್ನೂ ನಾಲಿಗೆಯನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ. ಉಪ್ಪು ನೋಡುವ ಕೆಲಸ ನಮ್ಮವರ ಪಾಲಿಗೆ ಬಂತು. ಅವರು ಪ್ರತಿ ಸಲವೂ "ಸರಿಯಾಗಿದೆ ಕಣೇ" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡಸು ಇನ್ನೇನು ಹೇಳುತ್ತಾನೆ?

ಅದೇ ಹೊತ್ತಿಗೆ ಹಿತ್ತಲ ಮೂಲೆಯಲ್ಲಿ, ಹಿಂದೆ ಇದ್ದವರು ಬಿಟ್ಟುಹೋದ ಒಂದು ಗಿಡ ಚಿಗುರಿತು. ಮೇ ಕೊನೆಗೆ ಸೊಂಟದೆತ್ತರ ಬೆಳೆದು ನೇರಳೆ ಹೂವಿನ ನೆಟ್ಟಗಿನ ಗೊನೆಗಳನ್ನು ಬಿಟ್ಟಿತು. ಒಂದೊಂದು ಹೂವೂ ಥೇಟು ಅವರೆ ಹೂವು. ಜುಲೈಗೆ ಕಾಯಿ ಕಟ್ಟಿತು. ಚಪ್ಪಟೆ, ಹಸಿರು, ಮೇಲೆ ಸಣ್ಣ ನುಣುಪು ರೋಮ, ಒಳಗೆ ಸಾಲಾಗಿ ಕಾಳು. ಎಲೆ ಮಾತ್ರ ಅವರೆಯದಾಗಿರಲಿಲ್ಲ. ಅವರೆಗೆ ಮೂರು ಎಲೆ, ಇದಕ್ಕೋ ಬೂರುಗದ ಎಲೆಯ ಹಾಗೆ ಅಂಗೈ ಬಿಚ್ಚಿದಂತೆ ಎಂಟೋ ಒಂಬತ್ತೋ ಬೆರಳು. ನಾನು ಅದಕ್ಕೂ ಸಮಾಧಾನ ಕಂಡುಕೊಂಡೆ: ಈ ಚಳಿಯಲ್ಲಿ ಬೆಳೆದರೆ ಎಲೆ ಹೀಗಾಗುತ್ತೇನೋ. ಊರಿನಲ್ಲಾಗಿದ್ದರೆ ಬೆಂಗಳೂರಿನ ಯಾವ ಹೆಂಗಸೂ ಹೀಗೆ ಕಣ್ಣಿನಿಂದ ಅವರೆ ಕೊಳ್ಳುವುದಿಲ್ಲ. ಒಂದು ಕಾಯಿ ಎತ್ತಿ ಮೂಸುತ್ತಾಳೆ, ಸೊಗಡಿದ್ದರೆ ಮಾತ್ರ ಚೀಲ ಒಡ್ಡುತ್ತಾಳೆ. ನಾನೂ ಅಭ್ಯಾಸಬಲದಿಂದ ಒಂದು ಕಾಯಿ ಮುರಿದು ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಕೆಟ್ಟಿರುವುದು ಮೂಗು, ಕಾಯಿಯಲ್ಲ ಎಂದುಕೊಂಡೆ.

ಇನ್ನು ಬಸುರಿಯ ವಿಷಯ. ಎರಡು ಮನೆ ಆಚೆ ನಸ್ರೀನ್ ಇದ್ದಳು, ಬೆಂಗಳೂರಿನ ಟ್ಯಾನರಿ ರೋಡಿನ ಹುಡುಗಿ, ಸಾಫ್ಟ್‌ವೇರ್ ಕೆಲಸ. ಆರು ತಿಂಗಳಾಗಿತ್ತು. ಬಾಣಂತನಕ್ಕೆ ಬರಬೇಕಾಗಿದ್ದ ಅವಳ ಅಮ್ಮನ ಟಿಕೆಟ್ ರದ್ದಾಗಿ, ವಿಮಾನಗಳು ಯಾವಾಗ ಹಾರುತ್ತವೋ ದೇವರಿಗೇ ಗೊತ್ತು ಎನ್ನುವ ಸ್ಥಿತಿ. ಗಂಡ ಇಮ್ರಾನ್ ದೂರದ ವಾಟರ್‌ಫರ್ಡ್ ಊರಿನ ಔಷಧ ಕಾರ್ಖಾನೆಯ ಕೆಲಸಕ್ಕೆಂದು ವಾರಪೂರ್ತಿ ಅಲ್ಲೇ ಇರುತ್ತಿದ್ದ. ನಾನೂ ನಸ್ರೀನೂ ಅವರ ಗೇಟಿನ ಆಚೆ ಈಚೆ ನಿಂತು ಮಾತಾಡುತ್ತಿದ್ದೆವು. ಒಂದು ದಿನ ಅವಳು ಅಂದಳು, "ಅಕ್ಕ, ಅವರೇಕಾಳು ತಿನ್ಬೇಕು ಅನ್ನಿಸ್ತಿದೆ. ರಾತ್ರಿ ಕನಸಲ್ಲೂ ಹಿತಕಿದ ಬೇಳೆ ಸಾರೇ. ಅಮ್ಮ ಇದ್ದಿದ್ರೆ ಕಾಳು ನೆನೆಸಿ, ಒಂದೊಂದೇ ಹಿತುಕಿ, ಮಟನ್ ಗೋಷ್ಟ್ ಹಾಕಿ ಮಾಡಿರೋರು."

ಭಾರತದ ಅಂಗಡಿಯಲ್ಲಿ ಕೇಳಿದರೆ "ಕಂಟೇನರ್ ಬಂದಿಲ್ಲ ಆಂಟಿ" ಎಂಬ ಒಂದೇ ಉತ್ತರ. ಬಸುರಿಯ ಬಯಕೆ ತೀರಿಸದೆ ಬಿಡುವುದುಂಟೆ? ಹಿತ್ತಲಿನಲ್ಲೇ ಅವರೆ ಇರುವಾಗ! ನಾಲ್ಕು ಗೊನೆ ಕೊಯ್ದು, ಸುಲಿದು, ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಹಿತುಕಿದರೆ ಸರಿಯಾಗಿ ಸಿಪ್ಪೆ ಬಿಡದು. ಹದ ಸಾಲದು ಎಂದು ಉಗುರು ಹಾಕಿ ಕಿತ್ತೆ. ಸಿಕ್ಕಿದ್ದು ಒಂದು ಹಿಡಿ ಬೇಳೆ, ಒಬ್ಬಳಿಗೆ ಮಾತ್ರ ಸಾಕು. ಸಾರು ಕುದಿಯುವಾಗ ನಮ್ಮವರು ಮೀಟಿಂಗಿನಲ್ಲಿದ್ದರು. ಹಾಗಾಗಿ ಉಪ್ಪು ನೋಡುವವರೂ ಇರಲಿಲ್ಲ.

ಮಧ್ಯಾಹ್ನ ಡಬ್ಬಿಯನ್ನು ಅವಳ ಗೇಟಿನ ಕಂಬದ ಮೇಲಿಟ್ಟು ಆರು ಅಡಿ ಹಿಂದೆ ಸರಿದು ನಿಂತೆ. ಇಟ್ಟು ಬರಬಹುದಿತ್ತು. ಬರಲಿಲ್ಲ. ಹೊಗಳಿಸಿಕೊಳ್ಳದೆ ನಾನು ಯಾವತ್ತೂ ಯಾರ ಮನೆಯಿಂದಲೂ ಹೊರಟವಳಲ್ಲ. "ತಿನ್ನು, ತಿನ್ನು, ಬಿಸಿ ಇದೆ" ಅಂದೆ. ಅವಳು ಮೆಟ್ಟಿಲ ಮೇಲೆ ಕೂತು ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಒದ್ದೆಯಾಯಿತು. ಅಮ್ಮನ ನೆನಪು ಎಂದುಕೊಂಡು ನಾನೂ ಕಣ್ಣೊರೆಸಿಕೊಂಡೆ. "ಹೇಗಿದೆ?" ಅಂದೆ. "ತುಂಬಾ ಚೆನ್ನಾಗಿದೆ ಅಕ್ಕ" ಅಂದಳು. ಇನ್ನೆರಡು ಚಮಚ ತಿಂದು, ಉಳಿದಿದ್ದು ಆಮೇಲೆ ಅಂತ ಮುಚ್ಚಿಟ್ಟಳು.

ಗೆದ್ದವಳ ಹಾಗೆ ಮನೆಗೆ ಬಂದು ಇನ್ನೊಂದಷ್ಟು ಕಾಯಿ ಕೊಯ್ಯುತ್ತಿದ್ದೆ. ಪಕ್ಕದ ಮನೆಯ ಬ್ರೀಡಾ ಗೋಡೆಯ ಮೇಲಿಂದ ಇಣುಕಿದರು. ಎಪ್ಪತ್ತು ದಾಟಿದ ಐರಿಶ್ ಹೆಂಗಸು, ದಿನಕ್ಕೆ ನಾಲ್ಕು ಸಲ ಇಣುಕುತ್ತಿದ್ದರು, ಎಲ್ಲರನ್ನೂ ಲವ್ ಎಂದೇ ಕರೆಯುತ್ತಿದ್ದರು. ನನ್ನ ಬುಟ್ಟಿ ನೋಡಿ, ಬೀಜಕ್ಕಾ ಲವ್ ಎಂದು ಕೇಳಿದರು. ಇಲ್ಲ, ಸಾರಿಗೆ ಅಂದೆ. ಬ್ರೀಡಾ ನಗುತ್ತಾರೆ ಎಂದು ಕಾದೆ, ನಗಲಿಲ್ಲ. ಅದು ಲೂಪಿನ್, ಹೂವಿಗೆ ಬೆಳೆಸುವ ಗಿಡ, ಕಾಳು ವಿಷ, ಬೇಯಿಸಿದರೂ ವಿಷವೇ ಎಂದರು. ಆಮೇಲೆ ತುಂಬಾ ಮೆಲ್ಲಗೆ, ಯಾರು ತಿಂದರು ಎಂದು ಕೇಳಿದರು.

ಆ ಎರಡು ಮನೆಯ ದೂರವನ್ನು ನಾನು ಓಡಿದ್ದು ನನಗೆ ನೆನಪಿಲ್ಲ. ಮಾಸ್ಕೂ ಇಲ್ಲ, ಆರು ಅಡಿಯೂ ಇಲ್ಲ, ನೇರ ಬಾಗಿಲು ಬಡಿದೆ. ನಸ್ರೀನ್ ಬಾಗಿಲು ತೆಗೆದಳು.

"ಆಮೇಲೆ ಇನ್ನೂ ತಿಂದ್ಯಾ?"

"ಇಲ್ಲಕ್ಕ. ಯಾಕೆ?"

"ಅದು ಅವರೆ ಅಲ್ವಂತೆ. ವಿಷ ಅಂತೆ ಕಣೇ."

ಅವಳು ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಬೈಯಲಿಲ್ಲ, ಅಳಲಿಲ್ಲ. "ಬಾಯಿ ಒಣಗ್ತಿದೆ ಅಂತ ಆಗ್ಲಿಂದ ನೀರು ಕುಡೀತಿದೀನಿ" ಅಂದಳು, ಅಷ್ಟೇ.

ವಿಷದ ಸಹಾಯವಾಣಿಗೆ ಫೋನ್ ಮಾಡಿದೆ. ಎಷ್ಟು ತಿಂದರು, ಎಷ್ಟು ಹೊತ್ತಾಯಿತು, ಎಷ್ಟು ತಿಂಗಳು ಎಂದೆಲ್ಲ ಕೇಳಿ, ಬಸುರಿಯಾದ್ದರಿಂದ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಬ್ರೀಡಾ ಅಷ್ಟರಲ್ಲಿ ಗಿಡದ ಒಂದು ಕೊಂಬೆಯನ್ನು ಹೂವು, ಎಲೆ, ಕಾಯಿ ಸಮೇತ ಕತ್ತರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಾರಿನ ಮೇಲಿಟ್ಟರು. ಡಾಕ್ಟರಿಗೆ ಹೆಸರು ಹೇಳಿದರೆ ಸಾಲದು, ಗಿಡವನ್ನೇ ತೋರಿಸು ಎಂದರು. ಗಿಡದ ಹೆಸರು ಹೇಳುವ ನನ್ನ ಯೋಗ್ಯತೆ ಅವರಿಗೆ ಗೊತ್ತಾಗಿತ್ತು.

ಕಾರಿನ ಕಿಟಕಿಗಳನ್ನೆಲ್ಲ ಇಳಿಸಿ, ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಟೆ. ನಸ್ರೀನ್ ಹೊರಡುವಾಗಲೇ ಗಂಡನಿಗೆ ಮೆಸೇಜು ಹಾಕಿದ್ದಳು, ದಾರಿಯಲ್ಲಿ ನನಗೆ ಇಮ್ರಾನ್ ಫೋನ್ ಬಂತು. ಸ್ಪೀಕರಿಗೆ ಹಾಕಿದೆ. "ಅಕ್ಕ, ಏನಾಯ್ತಕ್ಕ? ಏನ್ ತಿಂದ್ಲು?" ನಾನು ಬಾಯಿ ತೆರೆದೆ. ಹಿಂದಿನಿಂದ ನಸ್ರೀನ್ ಅಂದಳು, "ಯಾವ್ದೋ ಗಿಡದ ಕಾಯಿ ಅವರೆ ಅಂದ್ಕೊಂಡು ತಿಂದ್ಬಿಟ್ಟೆ ರೀ. ಅಕ್ಕನೇ ಕರ್ಕೊಂಡ್ ಹೋಗ್ತಿದಾರೆ, ಗಾಬರಿ ಆಗ್ಬೇಡಿ." ಅವನು, "ನೀವಿಲ್ದಿದ್ರೆ ಏನ್ ಗತಿ ಅಕ್ಕ" ಎಂದು ಅತ್ತೇಬಿಟ್ಟ. ನಾನು ಬಾಯಿ ಮುಚ್ಚಿಕೊಂಡೆ. ರಸ್ತೆ ನೋಡಬೇಕಿತ್ತಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸಿಗೆ ಮಾತ್ರ ಸತ್ಯ ಹೇಳಿ ಚೀಲ ಕೊಟ್ಟೆ. ಅಲ್ಲಿಂದ ಒಳಗೆ ಬಸುರಿಯೊಬ್ಬಳಿಗೇ ಪ್ರವೇಶ. ಕಾರ್ ಪಾರ್ಕಿನಲ್ಲಿ ಸುಮಾರು ಐದು ಗಂಟೆ ಕೂತೆ. ನನಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಬರೆಯಬೇಕೆಂದಿರಲಿಲ್ಲ, ಆದರೆ ಆ ಐದು ಗಂಟೆಯಲ್ಲಿ ಅದೂ ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತಿತ್ತು. ಇನ್ನೊಬ್ಬರ ಮಗುವಿಗೆ ಏನಾದರೂ ಆದರೆ ಎಂದು ಯೋಚಿಸಲು ಹೋಗುವುದು, ಅರ್ಧಕ್ಕೇ ನಿಲ್ಲಿಸುವುದು, ಮತ್ತೆ ಹೋಗುವುದು. ಎದುರಿನ ಕಾರಿನಲ್ಲಿ ಒಬ್ಬ ಐರಿಶ್ ಗಂಡಸು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ. ಅವನ ಹೆಂಡತಿಯೂ ಒಳಗಿದ್ದಳೇನೋ. ಒಂದು ಸಲ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದೆವು.

ಸಂಜೆ ನಸ್ರೀನ್ ನಡೆದುಕೊಂಡೇ ಬಂದಳು. "ಗ್ರ್ಯಾಂಡ್ ಅಂತೆ ಅಕ್ಕ, ಏನೂ ತೊಂದ್ರೆ ಇಲ್ವಂತೆ. ಮಗು ಹಾರ್ಟ್‌ಬೀಟ್ ಕೇಳಿಸಿದ್ರು, ಕುದುರೆ ಓಡ್ದಂಗೆ ಓಡ್ತಿದೆ." ತಿಂದದ್ದು ಕಡಿಮೆಯಾದ್ದರಿಂದ ಅಪಾಯವಾಗಲಿಲ್ಲ ಎಂದರಂತೆ. ನೆನೆಸಿದ ನೀರು ಚೆಲ್ಲಿದ್ದರಿಂದ ಸ್ವಲ್ಪ ವಿಷ ಹೋಗಿರಬಹುದು, ಹಾಗಂತ ಯಾರೂ ಪ್ರಯೋಗ ಮಾಡಬಾರದು ಎಂದೂ ಹೇಳಿದರಂತೆ.

ಕಾರಿನಲ್ಲಿ ಕೇಳಿದೆ, "ಕಹಿ ಇರ್ಲಿಲ್ವಾ?"

"ಅಯ್ಯೋ, ಹಾಗಲಕಾಯಿ ಸಕ್ಕರೆ ಅನ್ನಿಸ್ಬೇಕು, ಅಷ್ಟು ಕಹಿ."

"ಮತ್ತೆ ಯಾಕೆ ನುಂಗ್ದೆ, ಮಾರಾಯ್ತಿ?"

"ನೀವು ಅಷ್ಟು ಆಸೆಯಿಂದ ನೋಡ್ತಾ ನಿಂತಿದ್ರಿ. ಹೇಗೆ ಉಗೀಲಿ ಅಕ್ಕ?"

ಗಿಡವನ್ನು ಕಿತ್ತೆಸೆಯುತ್ತೇನೆ ಎಂದು ಗುದ್ದಲಿ ಹಿಡಿದ ನನ್ನನ್ನು ಬ್ರೀಡಾ ತಡೆದರು. ಗಿಡ ಏನು ಮಾಡಿತು ಲವ್, ತಿನ್ನು ಅಂತ ಅದು ಹೇಳಿತಾ ಎಂದರು. ಅವರು ಹೇಳಿಕೊಟ್ಟ ಹಾಗೆ ಈಗಲೂ ಬೆಳೆಸುತ್ತಿದ್ದೇನೆ. ಗೊನೆಯ ಹೂವು ಬಾಡಿದ ಕೂಡಲೇ ಇಡೀ ಕಡ್ಡಿಯನ್ನು ಬುಡಕ್ಕೆ ಕತ್ತರಿಸಬೇಕು, ಕಾಯಿ ಕಟ್ಟಲು ಬಿಡಲೇಬಾರದು. ಕಾಯಿ ಇಲ್ಲದಿದ್ದರೆ ಅಪಾಯವೂ ಕಡಿಮೆ, ಗಿಡ ಇನ್ನೊಂದು ಸುತ್ತು ಹೂವನ್ನೂ ಬಿಡುತ್ತದೆ. ಕತ್ತರಿಸುವಾಗ ಗ್ಲೌಸು, ಆಮೇಲೆ ಸೋಪು. ಸೊಪ್ಪು ತರಕಾರಿಯ ಪಾತಿ ಅದರಿಂದ ದೂರ. ಮಕ್ಕಳು ಬರುವ ಮನೆಯಾದರೆ ಬೇಲಿಯ ಆಚೆಗೆ. ಗುರುತು ಹಿಡಿಯುವುದಕ್ಕೆ ಹೂವನ್ನು ನಂಬಬೇಡಿ, ಬೆರಳು ಬಿಚ್ಚಿದ ಆ ಎಲೆ ನೋಡಿ. ಎಲೆ ನೋಡಿಯೂ ಸಮಾಧಾನ ಹೇಳಿಕೊಳ್ಳುವ ಜಾತಿಯವರಾದರೆ ಪಕ್ಕದ ಮನೆಯವರನ್ನು ಕೇಳಿ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ವಾರವೇ ನಮ್ಮ ಗುಂಪಿನಲ್ಲಿ ಒಂದು ಪೋಸ್ಟ್ ಹಾಕಿದ್ದೆ, ನಿಮ್ಮಲ್ಲಿ ಬಹಳ ಜನ ಓದಿದ್ದೀರಿ. "ಎಚ್ಚರ, ಅವರೆಯಂತೆ ಕಾಣುವ ವಿಷದ ಗಿಡ! ನಮ್ಮ ಪರಿಚಯದ ಗರ್ಭಿಣಿಯೊಬ್ಬರು ಗೊತ್ತಿಲ್ಲದೆ ತಿಂದರು, ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದೆ." ಒಂದು ಪದವೂ ಸುಳ್ಳಲ್ಲ, ನೋಡಿ. ನೀವೆಲ್ಲ ನನ್ನನ್ನು ದೇವತೆ ಎಂದಿರಿ, ಕೈ ಮುಗಿಯುವ ಚಿತ್ರ ಹಾಕಿದಿರಿ. ಇಮ್ರಾನ್ ಮೂರು ಸಾಲು ಧನ್ಯವಾದ ಬರೆದ. ಅದರ ಕೆಳಗೆ ನಸ್ರೀನ್ ಒಂದು ಕೆಂಪು ಹೃದಯ ಒತ್ತಿದಳು. ಬಾಯಿಗೆ ಹಾಕಿದ್ದನ್ನಲ್ಲದೆ ಇದನ್ನೂ ಅವಳೇ ನುಂಗಿದಳು. ಇವತ್ತು ಬೆಳಿಗ್ಗೆ ಇಮ್ರಾನ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು, "ಗೊತ್ತಿತ್ತು ಅಕ್ಕ. ಆಗ್ಲೇ ಮನೇಲಿ ನಿಮ್ ಸಾರಿನ ಡಬ್ಬಿ ನೋಡ್ದೆ. ನೀವಾಗೇ ಹೇಳ್ತೀರ ಅಂತ ಕಾಯ್ತಿದ್ದೆ" ಅಂದ.

ನಿಮಗೂ ಇಂಥದ್ದು ಆಗಿದ್ದರೆ ಕೆಳಗೆ ಬರೆಯಿರಿ. ಯಾವ ಗಿಡ, ಯಾರು ತಿಂದರು, ಹೇಗೆ ಉಳಿದರು, ಎಲ್ಲ ಬರೆಯಿರಿ. ಅಡುಗೆ ಮಾಡಿದವರು ಯಾರು ಎಂಬುದನ್ನೂ ಬರೆಯಿರಿ, ಅದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.