ಬೆರಳಿನಿಂದ ತಿರುಗಿಸಿದ ನಟ್ಟು

ನಾನು ನಿಂತಿದ್ದದ್ದು ವಡೋದರಾದ ಮಕರಪುರ ರಸ್ತೆಯಲ್ಲಿ, ಕಡಲೆಹಿಟ್ಟಿನ ಫಾಫ್ಡಾ ಕರಿಯುವ ಅಂಗಡಿಯ ಎದುರು, ಬೇವಿನ ಮರದಿಂದ ನಾಲ್ಕು ಹೆಜ್ಜೆ ಈಚೆ. ನಿಂತಿದ್ದೆ ಎನ್ನುವುದು ಪೂರ್ತಿ ಸರಿಯಲ್ಲ. ಮೋಟಾರ್‌ಸೈಕಲ್ಲಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ಊರಿದ್ದೆ. ವಿಜಯದಶಮಿಯ ಬೆಳಗ್ಗೆ, ಎಂಟು ಗಂಟೆ ಹತ್ತು ನಿಮಿಷ. ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಯಾವ ವರ್ಷವೆಂದು ನನ್ನ ಹೆಂಡತಿ ಸುಮಿತ್ರಾ ಖಚಿತವಾಗಿ ಹೇಳಬಲ್ಲಳು. ಅವಳನ್ನು ಕೇಳುವ ಧೈರ್ಯ ನನಗಿಲ್ಲ.

ಇಷ್ಟು ಕರಾರುವಾಕ್ಕಾಗಿ ಬರೆಯುವುದು ನನ್ನ ಉದ್ಯೋಗದ ಚಟ. ಮಕರಪುರದ ಒಂದು ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದವನು. ಬೇರೆಯವರು ಬಿಗಿದ ನಟ್ಟು ನಿಜವಾಗಿ ಬಿಗಿಯಾಗಿದೆಯೇ ಎಂದು ನೋಡುವುದು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು, ಇದಕ್ಕೇ ನನಗೆ ಸಂಬಳ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ತಪ್ಪೆಂಬುದು ಯಾವಾಗಲೂ ಮೇಜಿನ ಆ ಕಡೆಯಿಂದ ಬರುವ ವಸ್ತು ಎಂದು ಅವನು ನಂಬಿಬಿಡುತ್ತಾನೆ.

ಆ ದಸರೆಗೆ ಎರಡು ವರ್ಷ ಮೊದಲು ನಾನು ಸುಮಿತ್ರಾಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಗಾಡಿಯನ್ನು ಒಂದು ಗುಂಡಿಗೆ ಇಳಿಸಿದೆ. ಗುಂಡಿ ನನಗೆ ಕಂಡಿತ್ತು. ದಾಟಬಹುದು ಎಂದುಕೊಂಡಿದ್ದೆ. ಗಾಡಿ ದಾಟಿತು, ಅವಳ ಸೊಂಟ ದಾಟಲಿಲ್ಲ. ಡಾಕ್ಟರರು ಪಟ್ಟಿ ಕಟ್ಟಿ, "ಇನ್ನು ಮೇಲೆ ಕುಲುಕಾಟ ಕೂಡದು" ಎಂದರು. ಅವಳಿಗೆ ಅದು ಔಷಧದ ಚೀಟಿಯಂತೆ ಕೇಳಿಸಿತು. ಅಂದಿನಿಂದ ರಿಕ್ಷಾ ಹಿಡಿದಳು. ನನಗೆ ಅದು ಎಂಜಿನಿಯರಿಂಗ್ ಸಮಸ್ಯೆಯಂತೆ ಕೇಳಿಸಿತು. ಎರಡು ವರ್ಷ ನಮ್ಮ ಸಂಸಾರ ಹೀಗೆ ಸಂಚರಿಸಿತು: ಮುಂದೆ ರಿಕ್ಷಾದಲ್ಲಿ ಅವಳು, ಹಿಂದೆ ಬೈಕಿನಲ್ಲಿ ತರಕಾರಿ ಚೀಲದೊಂದಿಗೆ ನಾನು. ಕೆಂಪು ದೀಪದ ಬಳಿ ಅವಳು ರಿಕ್ಷಾದಿಂದ ಕತ್ತು ಹೊರಹಾಕಿ, "ಕೊತ್ತಂಬರಿ ತಗೊಂಡ್ರಿಲ್ಲೋ?" ಎಂದು ಕೂಗುತ್ತಿದ್ದಳು. ಹಿಂದಿನ ಸೀಟು ಖಾಲಿಯಾಗಿರುತ್ತಿತ್ತು. ಖಾಲಿ ಸೀಟಿನ ಗಾಡಿ ಎಷ್ಟು ಹಗುರವಾಗಿ ಓಡುತ್ತದೆ ಎಂಬುದು ಅದನ್ನು ಓಡಿಸಿದವರಿಗೆ ಮಾತ್ರ ಗೊತ್ತು.

ನಮ್ಮ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಯಂತ್ರಗಳಿಗಾಗಿ ರಬ್ಬರಿನ ಗಾಳಿಚೀಲ ತಯಾರಾಗುತ್ತಿತ್ತು. ಎರಡು ದಪ್ಪ ವಡೆಗಳನ್ನು ಒಂದರ ಮೇಲೊಂದು ಇಟ್ಟಂಥ ಆಕಾರ. ಗಾಳಿ ತುಂಬಿದರೆ ಏಳುತ್ತದೆ, ಬಿಟ್ಟರೆ ಕೂರುತ್ತದೆ. ಹಿಂದಿನ ಚಕ್ರದ ಎರಡು ಶಾಕ್ ಅಬ್ಸಾರ್ಬರ್ ತೆಗೆದು ಆ ಜಾಗದಲ್ಲಿ ಇವನ್ನು ಕೂರಿಸಿದರೆ ಸುಮಿತ್ರಾ ಗಾಳಿಯ ಮೇಲೆಯೇ ಕೂತಂತಾಗುತ್ತದೆ ಎಂದು ಹೊಳೆಯಿತು. ಮೇಲ್ಮೈಯಲ್ಲಿ ಗೀರಿದ್ದುದರಿಂದ ನಾನೇ ಕೆಂಪು ಚೀಟಿ ಕಟ್ಟಿದ್ದ ಎರಡನ್ನು ಫೋರ್‌ಮನ್ ಬಳಿ ಕೇಳಿ ಪಡೆದೆ. ಆತ ಗುಜರಾತಿನವನು. "ಸಾಹೇಬ್, ನಮ್ಮ ಮಾಲಿಗೆ ಚೀಟಿ ಕಟ್ತೀರಿ, ಆಮೇಲೆ ಅದನ್ನೇ ಮನೆಗೆ ಒಯ್ತೀರಿ!" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಗೀರಿಗೂ ಮುಂದೆ ಆದದ್ದಕ್ಕೂ ಸಂಬಂಧವಿಲ್ಲ. ಆ ಚೀಲಗಳು ಕೊನೆಯವರೆಗೂ ನಿರ್ದೋಷಿಗಳು. ಇದನ್ನು ದಾಖಲಿಸಬೇಕು.

ಕೂರಿಸಲು ನಾಲ್ಕು ರಜೆಯ ದಿನ ಹಿಡಿಯಿತು. ಚೀಲಗಳನ್ನು ಹಿಡಿದಿಡುವ ಕಬ್ಬಿಣದ ಪಟ್ಟಿಗಳನ್ನು ನಾನೇ ಮಾಡಿದೆ. ಎರಡು ಚೀಲಗಳಿಗೂ ಒಂದೇ ಸಮ ಗಾಳಿ ಹೋಗಲೆಂದು ನಳಿಗೆ ಎಳೆದು, ನಡುವೆ ಅದು ಕೂಡುವ ಕಡೆ ಒಂದು ಹಿತ್ತಾಳೆ ನಟ್ಟು ಹಾಕಿ, ಪಂಪಿನಿಂದ ಗಾಳಿ ತುಂಬಿದೆ. ಗಾಡಿಯ ಹಿಂಭಾಗ ನಿಧಾನವಾಗಿ ಎದ್ದಿತು. ಪಕ್ಕದ ಮನೆಯ ರಮಣಭಾಯಿ ವರಾಂಡದಿಂದ ನೋಡಿ, "ವಾಹ್, ಒಂಟೆ ಎದ್ದ ಹಾಗಿದೆ!" ಎಂದರು. ಹಿಂದಿನ ಸೀಟಿಗೆ ಗೋಧಿ ಮೂಟೆ ಕಟ್ಟಿ ಸೊಸೈಟಿಯ ಸುತ್ತ ಮೂರು ಸುತ್ತು ಹಾಕಿದೆ. ಸುಮಿತ್ರಾ ಅಡುಗೆಮನೆಯ ಕಿಟಕಿಯಿಂದಲೇ, "ಗೋಧಿ ಎಷ್ಟು ಕಿಲೋ ಐತ್ರಿ?" ಎಂದು ಕೇಳಿದಳು. ಹೇಳಿದೆ. "ನಾ ಅಷ್ಟ ಇದ್ದೀನೇನು? ಆರು ಕಿಲೋ ಇಳಸ್ರಿ!" ಇಳಿಸಿದೆ. ಎರಡು ವರ್ಷಗಳಲ್ಲಿ ನನ್ನ ಗಾಡಿಯ ಬಗ್ಗೆ ಅವಳು ತೋರಿದ ಮೊದಲ ಆಸಕ್ತಿ ಅದು.

ಮಹಾನವಮಿಯ ಬೆಳಗ್ಗೆ ನೋಡಿದರೆ ಹಿಂಭಾಗ ಒಂದು ಬೆರಳಿನಷ್ಟು ತಗ್ಗಿತ್ತು. ಸೋಪಿನ ನೀರು ಬಿಟ್ಟಾಗ ಹಿತ್ತಾಳೆ ನಟ್ಟಿನ ಬಳಿ ಸಣ್ಣ ಗುಳ್ಳೆ ಬಂತು. ನಟ್ಟು ಬಿಚ್ಚಿ, ಟೇಪು ಸುತ್ತಿ, ಬೆರಳಿನಿಂದ ತಿರುಗಿಸಿ, ಕೊನೆಯ ಬಿಗಿಗೆ ಸ್ಪ್ಯಾನರ್ ತರಲೆಂದು ಒಳಗೆ ಹೋದೆ. ಆಗ ಅದು ಅಲ್ಲಿರಲಿಲ್ಲ. ಧಾರವಾಡದ ಕಡೆಯವರಾದ ನಮ್ಮಲ್ಲಿ ಅಂದು ಖಂಡೇ ಪೂಜೆ. ಮನೆಯ ಕಬ್ಬಿಣದ ಸಾಮಾನೆಲ್ಲ ನವರಾತ್ರಿಗೆ ಕೂರಿಸಿದ ಘಟದ ಮುಂದೆ ಕೂರುತ್ತದೆ. ಸುಮಿತ್ರಾ ನನ್ನ ಪೆಟ್ಟಿಗೆಯನ್ನೇ ಬರಿದು ಮಾಡಿದ್ದಳು. ಈಳಿಗೆಮಣೆ, ಕತ್ತರಿ, ಸುತ್ತಿಗೆಗಳ ಸಾಲಿನಲ್ಲಿ ನನ್ನ ಸ್ಪ್ಯಾನರ್ ಸೋಪಿನಲ್ಲಿ ಮಿಂದು, ಕುಂಕುಮವಿಟ್ಟುಕೊಂಡು, ಸೇವಂತಿಗೆ ಮುಡಿದು ಕೂತಿತ್ತು.

"ಒಂದ ನಿಮಿಷ, ಅದನ್ನಷ್ಟ ಕೊಡು."

"ಈಗ ಮುಟ್ಟೂ ಹಂಗಿಲ್ರಿ. ನಾಳೆ ಘಟ ಕದಲಿಸಿದ ಮ್ಯಾಲೆ ತಗೋರಿ. ಒಂದ ದಿನ ನಿಮ್ಮ ಹತಾರಾನೂ ದಣಿವಾರಿಸಿಕೊಳ್ಳವಲ್ಲದ್ಯಾಕ?"

ರಮಣಭಾಯಿಯನ್ನು ಕೇಳಿದೆ. ಅವರ ಸಲಕರಣೆಗಳೂ ದೇವರ ಮುಂದಿದ್ದವು. ಕರ್ಚೀಫು ಸುತ್ತಿ ಮತ್ತೊಮ್ಮೆ ಬೆರಳಿನಿಂದಲೇ ತಿರುಗಿಸಿ, ಗಾಳಿ ತುಂಬಿ, ಸೋಪಿನ ನೀರು ಬಿಟ್ಟೆ. ಗುಳ್ಳೆ ಬರಲಿಲ್ಲ. ಮೇಲೆ ಯಾರೂ ಕೂತಿರಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಇಂಥ ಪರೀಕ್ಷೆ ಮಾಡಿ ತಂದಿದ್ದರೆ ನಾನು ಎರಡು ಕೆಂಪು ಚೀಟಿ ಕಟ್ಟುತ್ತಿದ್ದೆ, ಒಂದು ಮಾಲಿಗೆ, ಇನ್ನೊಂದು ಅವನಿಗೆ.

ಮರುದಿನ ಬೆಳಗ್ಗೆ ಸುಮಿತ್ರಾ ಹೊಸ ಇಳಕಲ್ಲು ಸೀರೆಯುಟ್ಟು ಹೊರಗೆ ಬಂದಳು. ದಸರೆಯ ಮುಂಜಾನೆ ಗುಜರಾತಿನಲ್ಲಿ ಫಾಫ್ಡಾ, ಜಿಲೇಬಿ ತಿನ್ನದ ಮನೆಯಿಲ್ಲ. ನಾವೂ ಅಷ್ಟರಮಟ್ಟಿಗೆ ಗುಜರಾತಿಗಳೇ. ನಾನು ರಿಕ್ಷಾ ಕರೆಯಲು ಹೊರಟಿದ್ದೆ.

"ರಿಕ್ಷಾ ಬ್ಯಾಡ್ರಿ. ಇವತ್ತ ಗಾಡಿ ಮ್ಯಾಲೆ ಬರ್ತೀನಿ. ನಿನ್ನೆ ಪೂಜಿ ಆಗೇತಲ್ಲ."

ಘಟ ಕದಲಿಸಿ ಸ್ಪ್ಯಾನರ್ ಕೈಗೆ ಸಿಗುವುದು ಮಧ್ಯಾಹ್ನ, ನೈವೇದ್ಯವಾದ ಮೇಲೆ. ತಡೆ, ಮಧ್ಯಾಹ್ನ ಹೋಗೋಣ ಎನ್ನಬಹುದಿತ್ತು. ಎಂದರೆ ಯಾಕೆಂದು ಕೇಳುತ್ತಿದ್ದಳು. ಯಾಕೆಂದು ಹೇಳಿದರೆ ಮತ್ತೆಂದೂ ಹತ್ತುತ್ತಿರಲಿಲ್ಲ. ಎರಡು ವರ್ಷ ಕಾದವನು ನಾನು.

ಅವಳು ಸೀಟಿನ ಮೇಲೆ ಕೈಯಿಟ್ಟು, "ಎಲ್ಲಾ ಬಿಗಿ ಆಗೇತೇನ್ರಿ?" ಎಂದು ಕೇಳಿದಳು.

"ಆಗೇತಿ," ಎಂದೆ.

ಅಲ್ಲಿಂದ ಅಂಗಡಿಗೆ ಒಂದೂವರೆ ಕಿಲೋಮೀಟರು. ಆ ಪ್ರಯಾಣದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ರಸ್ತೆ ಅದೇ ಹಳೆಯ ರಸ್ತೆ, ಗುಂಡಿಗಳು ಅವೇ. ಅರ್ಧ ದಾರಿಯಲ್ಲಿ ಅವಳು ನನ್ನ ಭುಜದ ಮೇಲೆ ಕೈಯಿಟ್ಟಳು. "ಕೆರಿಯಾಗ ತೆಪ್ಪ ಹೋದಂಗ ಹೊಂಟೇತ್ರಿ," ಎಂದಳು. ನಾನು ಮುಂದಿನ ಗುಂಡಿಯನ್ನೇ ನೋಡುತ್ತಿದ್ದೆ. ಬಾಯಿ ತೆರೆದರೆ ಇನ್ನೇನು ಹೊರಬರುತ್ತದೋ ಎಂಬ ಭಯ.

ಅಂಗಡಿಯ ಮುಂದೆ ಸುಮಾರು ಐವತ್ತು ಜನರ ಸಾಲು. ಸಾಲಿನಲ್ಲಿ ರಮಣಭಾಯಿ ಇದ್ದರು. "ಅರೇ, ಭಾಭಿ ಗಾಡಿ ಮೇಲೆ!" ಎಂದು ಚಪ್ಪಾಳೆ ತಟ್ಟಿದರು. ನಾನು ಕೂಡಲೇ ಅವಳನ್ನು ಇಳಿಸಬೇಕಿತ್ತು. ಇಳಿಸಲಿಲ್ಲ. ಐವತ್ತು ಜನ ನೋಡಲಿ ಎಂದು ಕೂರಿಸಿಕೊಂಡೇ ನಿಂತೆ. ಆಗ ಗಂಟೆ ಎಂಟು ಹತ್ತು. ಸುಂಯ್ ಎಂಬ ಸದ್ದು ಬಂತು. ಜಿಲೇಬಿಯ ಬಾಣಲೆಯದೆಂದುಕೊಂಡೆ. ನನ್ನ ಕಿವಿಯ ಮಟ್ಟದಲ್ಲಿದ್ದ ಅವಳ ಉಸಿರು ಕತ್ತಿನ ಮಟ್ಟಕ್ಕೆ ಬಂತು. ಸಾಲಿನಲ್ಲಿ ಯಾರೋ "ಗಾಡಿ ಬೇಸಿ ಗಈ!" ಎಂದರು, ಗಾಡಿ ಕೂತುಬಿಟ್ಟಿತು ಎಂದು. ನಗು ಎದ್ದಿತು. ಅಷ್ಟಕ್ಕೇ ನಿಂತಿದ್ದರೆ ಇದು ಬರೀ ತಮಾಷೆಯ ಕಥೆಯಾಗುತ್ತಿತ್ತು. ಆದರೆ ನಟ್ಟು ಪೂರ್ತಿ ಕಳಚಿ, ನಳಿಗೆ ಸಿಡಿದು, ಉಳಿದ ಎತ್ತರವೆಲ್ಲ ಒಂದೇ ಏಟಿಗೆ ಇಳಿಯಿತು. ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. "ಯವ್ವಾ" ಎಂದಳು ಸುಮಿತ್ರಾ. ನಗು ನಿಂತಿತು.

ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಅವಳನ್ನು ಹಿಡಿದು ರಿಕ್ಷಾದಲ್ಲಿ ಒರಗಿಸಿದರು. ನಾನು ಬಗ್ಗಿ ನೋಡಿದೆ. ಅವಳ ಮುಖ ಬಿಳಿಚಿತ್ತು. "ಬಿಗಿ ಆಗೇತಿ ಅಂದಿದ್ರಿ," ಎಂದಳು, ಅಷ್ಟೇ.

ಮೂರು ವಾರ ಹಲಗೆಯ ಮೇಲೆ ಮಲಗಿದ್ದಳು. ಸೊಂಟ ಸರಿಹೋಯಿತು. ನಾನು ಹಳೆಯ ಶಾಕ್ ಅಬ್ಸಾರ್ಬರ್ ಹಾಕಿದೆ, ಅವಳು ರಿಕ್ಷಾ ಹಿಡಿದಳು. ಸರಿಹೋಗದೆ ಉಳಿದದ್ದು ಬೇರೆ. ಅಂದಿನಿಂದ "ಗ್ಯಾಸ್ ಬಂದ್ ಮಾಡೀನಿ" ಎಂದರೆ ಅವಳು ಎದ್ದು ಹೋಗಿ ನೋಡುತ್ತಾಳೆ. "ಚಿಲಕಾ ಹಾಕೀನಿ" ಎಂದರೂ ಹೋಗಿ ಎಳೆದು ನೋಡುತ್ತಾಳೆ. ಜಗಳವಿಲ್ಲ, ಬೈಗುಳವಿಲ್ಲ, ಹೋಗಿ ನೋಡುತ್ತಾಳೆ, ಅಷ್ಟೇ. ಅದು ನನ್ನದೇ ಉದ್ಯೋಗ. ಮೇಜಿನ ಆ ಕಡೆ ಕೂತರೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಇದನ್ನು ಕಂಡವರಲ್ಲಿ ಅಂಗಡಿಯವನು ತೀರಿಕೊಂಡ. ಆ ಇಬ್ಬರು ಹೆಂಗಸರು ಯಾರೆಂದು ನಾನು ಕೇಳಲೇ ಇಲ್ಲ. ರಮಣಭಾಯಿ ಸೂರತ್ತಿನ ಕತಾರ್‌ಗಾಮ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಈಗಲೂ ಸಿಕ್ಕಾಗ ಅಂಗೈಯನ್ನು ನಿಧಾನವಾಗಿ ಕೆಳಗಿಳಿಸಿ ತೋರಿಸುತ್ತಾರೆ. ಇನ್ನೊಬ್ಬ ಸಾಕ್ಷಿ ಸುಮಿತ್ರಾ. ಇಷ್ಟನ್ನೂ ಬರೆದು ಮುಗಿಸಿ ಅವಳಿಗೆ ಓದಿ ಹೇಳಿದೆ. ಕೊನೆಯವರೆಗೆ ಕೇಳಿದಳು.

"ಇದ್ದದ್ದು ಇದ್ದಂಗ ಓದಿದ್ರೇನ್ರಿ?"

"ಓದಿದೆ," ಎಂದೆ.

ಅವಳು ಕನ್ನಡಕ ಹಾಕಿಕೊಂಡು, ನನ್ನ ಕೈಯಿಂದ ಕಾಗದಗಳನ್ನು ತೆಗೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಮೊದಲಿನಿಂದ ಓದತೊಡಗಿದಳು.